ಮೂಕಿ ಕಾಲದ ಎಕ್ಸ್‌ಟ್ರಾ, ಟಾಕಿ ಕಾಲದ ಅಪ್ಪ: ಪೃಥ್ವಿರಾಜ್ ಕಪೂರ್

ಎಲ್ಲರಿಗೂ ನಮಸ್ಕಾರ.

ಪೃಥ್ವಿರಾಜ್ ಕಪೂರ್ ಅಂದ ತಕ್ಷಣ ಹೆಚ್ಚಿನವರಿಗೆ ನೆನಪಾಗುವುದು ‘ಮೊಘಲ್-ಎ-ಆಝಂ’ನ ಅಕ್ಬರ್. ಆ ನಿಲುವು, ಆ ಗುಡುಗಿನಂಥ ದನಿ. ಆದರೆ ಅವರು ಸಿನಿಮಾಕ್ಕೆ ಬಂದಾಗ ಸಿನಿಮಾಕ್ಕೆ ದನಿಯೇ ಇರಲಿಲ್ಲ. 1928ರಿಂದ ಸುಮಾರು ಮೂರು ವರ್ಷ ಅವರು ದುಡಿದದ್ದು ಮೂಕಿ ಚಿತ್ರಗಳಲ್ಲಿ. ತುಟಿ ಆಡುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಆಮೇಲೆ ಭಾರತದ ಮೊದಲ ಟಾಕಿಯಲ್ಲೇ ಅವರಿದ್ದರು. ಅಲ್ಲಿಂದ ನಲವತ್ತು ವರ್ಷ ಕಳೆದ ಮೇಲೆ ಒಂದು ಕನ್ನಡ ಚಿತ್ರಕ್ಕೂ ಬಂದರು. ಇವತ್ತು ಈ ಪ್ರಯಾಣದ ಬಗ್ಗೆ ಮಾತಾಡಬೇಕು ಅಂದುಕೊಂಡಿದ್ದೇನೆ. ಕಪೂರ್ ಮನೆತನದ ಕಥೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಕುತೂಹಲ ಇರುವುದು ಒಬ್ಬ ನಟ ಮೌನದಿಂದ ಮಾತಿಗೆ ದಾಟಿದ್ದು ಹೇಗೆ ಅನ್ನುವುದರಲ್ಲಿ. ಆ ದಾಟುವಿಕೆಯಲ್ಲಿ ಎಷ್ಟೋ ಜನ ಮುಳುಗಿಹೋದರು. ಇವರು ಮುಳುಗಲಿಲ್ಲ.

ಹುಟ್ಟಿದ್ದು 1906ರ ನವೆಂಬರ್ 3ರಂದು, ಪಂಜಾಬಿನ ಸಮುಂದ್ರಿಯಲ್ಲಿ. ಆ ಊರು ಈಗ ಪಾಕಿಸ್ತಾನದಲ್ಲಿದೆ. ತಂದೆ ಬಶೇಶ್ವರನಾಥ್ ಪೊಲೀಸ್ ಅಧಿಕಾರಿ. ಕಾಲೇಜು ಓದಿದ್ದು ಪೇಶಾವರದ ಎಡ್ವರ್ಡ್ಸ್ ಕಾಲೇಜಿನಲ್ಲಿ, ನಾಟಕದ ಹುಚ್ಚು ಹಿಡಿದದ್ದೂ ಅಲ್ಲೇ. ಪದವಿ ಆದ ಮೇಲೆ ಲಾ ಓದಲು ಸೇರಿ, ಅದನ್ನು ಅರ್ಧಕ್ಕೇ ಬಿಟ್ಟರು. ಅಷ್ಟರಲ್ಲಿ ಮದುವೆ ಆಗಿತ್ತು, ಮಕ್ಕಳಾಗಿದ್ದವು. 1928ರಲ್ಲಿ ಸಂಬಂಧಿಕರ ಹತ್ತಿರ ಸಾಲ ಮಾಡಿ ಮುಂಬೈ ರೈಲು ಹತ್ತಿದರು. ಆಗಿನ ಕಾಲಕ್ಕೆ ಓದಿದ ಮನೆಯ ಹುಡುಗನೊಬ್ಬ ಸಿನಿಮಾ ಸೇರುತ್ತೇನೆ ಅನ್ನುವುದು ಸಣ್ಣ ಮಾತಲ್ಲ. ಮರ್ಯಾದಸ್ಥರು ಸಿನಿಮಾದವರಿಗೆ ಬಾಡಿಗೆ ಮನೆ ಕೊಡಲೂ ಹಿಂದೆ ಮುಂದೆ ನೋಡುತ್ತಿದ್ದ ಕಾಲ ಅದು.

ಮುಂಬೈಯಲ್ಲಿ ಅವರು ಸೇರಿದ್ದು ಅರ್ದೇಶಿರ್ ಇರಾನಿ ಅವರ ಇಂಪೀರಿಯಲ್ ಫಿಲ್ಮ್ ಕಂಪನಿಗೆ. ಕೆಲಸ ಎಕ್ಸ್‌ಟ್ರಾದ್ದು. ಗುಂಪಿನಲ್ಲಿ ಒಬ್ಬನಾಗಿ ನಿಲ್ಲಬೇಕು, ಅಷ್ಟೇ. ಆದರೆ ಈ ಹುಡುಗ ಎಲ್ಲಿ ನಿಂತರೂ ಕಣ್ಣಿಗೆ ಬೀಳುತ್ತಿದ್ದ. ಒಳ್ಳೆ ಎತ್ತರ, ಪಠಾಣರ ನಾಡಿನ ಮೈಕಟ್ಟು. ನಾಯಕಿ ಎರ್ಮೆಲಿನ್ ಎಕ್ಸ್‌ಟ್ರಾಗಳ ಸಾಲಿನಲ್ಲಿ ಇವರನ್ನು ನೋಡಿ ತಮ್ಮ ನಾಯಕನನ್ನಾಗಿ ಆರಿಸಿಕೊಂಡರು ಅಂತ ಒಂದು ಕಥೆ ಚಿತ್ರರಂಗದಲ್ಲಿ ಓಡಾಡುತ್ತದೆ. ಆರಿಸಿದ್ದು ಯಾರೇ ಇರಲಿ, 1929ರ ‘ಸಿನಿಮಾ ಗರ್ಲ್’ ಹೊತ್ತಿಗೆ ಅವರು ಎರ್ಮೆಲಿನ್ ಎದುರು ನಾಯಕ. ಬಂದು ಹೆಚ್ಚು ದಿನವೇ ಆಗಿರಲಿಲ್ಲ.

ಇಲ್ಲಿ ಸ್ವಲ್ಪ ನಿಂತು, ಮೂಕಿ ಚಿತ್ರದಲ್ಲಿ ನಟನೆ ಅಂದರೆ ಏನಿತ್ತು ಅಂತ ನೋಡೋಣ. ಕ್ಯಾಮೆರಾವನ್ನು ಸಾಮಾನ್ಯವಾಗಿ ಕೈಯಲ್ಲೇ ತಿರುಗಿಸುತ್ತಿದ್ದರು. ಬೆಳಕಿಗೆ ಹೆಚ್ಚಾಗಿ ಸೂರ್ಯನೇ ಗತಿ. ಶಾಟ್ ನಡೆಯುವಾಗ ನಿರ್ದೇಶಕರು ಪಕ್ಕದಲ್ಲೇ ನಿಂತು ಕೂಗಿ ಹೇಳುತ್ತಿದ್ದರು: ಈಗ ತಿರುಗು, ಈಗ ಬೆಚ್ಚಿಬೀಳು, ಈಗ ಅಳು. ಸದ್ದು ದಾಖಲಾಗುವುದೇ ಇಲ್ಲವಲ್ಲ, ಹಾಗಾಗಿ ಯಾರು ಎಷ್ಟು ಕೂಗಿದರೂ ತೊಂದರೆ ಇಲ್ಲ. ನಟರು ತಮಗೆ ಬಂದ ಭಾಷೆಯಲ್ಲಿ ಮಾತಾಡಿದರೂ ನಡೆಯುತ್ತಿತ್ತು. ಕಥೆಗೆ ಬೇಕಾದ ಮಾತು ತೆರೆಯ ಮೇಲೆ ಅಕ್ಷರಗಳಲ್ಲಿ ಬರುತ್ತಿತ್ತು, ಅದೂ ಎರಡು ಮೂರು ಭಾಷೆಗಳಲ್ಲಿ. ಓದಲು ಬಾರದವರಿಗೆ ಥಿಯೇಟರಿನಲ್ಲಿ ಒಬ್ಬರು ಜೋರಾಗಿ ಓದಿ ಹೇಳುತ್ತಿದ್ದರು. ತೆರೆಯ ಪಕ್ಕದಲ್ಲಿ ಹಾರ್ಮೋನಿಯಂ, ತಬಲಾ ಇರುತ್ತಿದ್ದವು.

ಅಂಥ ಸಿನಿಮಾದಲ್ಲಿ ಯಾರು ತಾರೆಯಾಗುತ್ತಿದ್ದರು? ಮೈ ಮಾತಾಡುವವರು. ಮಾಸ್ಟರ್ ವಿಠಲ್ ಅವರಂಥ ಕಟ್ಟುಮಸ್ತಾದ ಸಾಹಸ ನಟರು. ಹೆಂಗಸರಲ್ಲಿ ಹೆಚ್ಚಿನವರು ಆಂಗ್ಲೋ ಇಂಡಿಯನ್, ಯಹೂದಿ ಮನೆತನಗಳಿಂದ ಬಂದವರು, ಯಾಕಂದ್ರೆ ಬೇರೆ ಮನೆಗಳಿಂದ ಹೆಣ್ಣುಮಕ್ಕಳು ಬರುತ್ತಲೇ ಇರಲಿಲ್ಲ. ಇಂಪೀರಿಯಲ್ ಕಂಪನಿಯ ದೊಡ್ಡ ತಾರೆ ಸುಲೋಚನಾ. ನಿಜವಾದ ಹೆಸರು ರೂಬಿ ಮೈಯರ್ಸ್, ಬಾಗ್ದಾದಿ ಯಹೂದಿ ಹುಡುಗಿ. ಟೆಲಿಫೋನ್ ಆಪರೇಟರ್ ಆಗಿದ್ದವರು ಸಿನಿಮಾಕ್ಕೆ ಬಂದು ಆ ಕಾಲದ ಅತಿ ಹೆಚ್ಚು ಸಂಬಳದ ನಟಿಯಾದರು.

ಇವರೆಲ್ಲರ ನಡುವೆ ಪೃಥ್ವಿರಾಜ್ ಬೇರೆಯವರು. ಅವರ ಹತ್ತಿರ ಮೈಕಟ್ಟೂ ಇತ್ತು, ಜೊತೆಗೆ ಆಗ ಯಾರಿಗೂ ಬೇಡವಾಗಿದ್ದ ಇನ್ನೊಂದು ಆಸ್ತಿಯೂ ಇತ್ತು: ನಾಟಕದಲ್ಲಿ ಪಳಗಿದ ದನಿ ಮತ್ತು ಶುದ್ಧವಾದ ಹಿಂದೂಸ್ತಾನಿ, ಅಂದರೆ ಹಿಂದಿ-ಉರ್ದು ಬೆರೆತ ಮಾತು. ಮೂರು ವರ್ಷ ಅದು ಸುಮ್ನೆ ಬಿದ್ದಿತ್ತು.

1931ರ ಮಾರ್ಚ್ 14ರಂದು ಮುಂಬೈಯ ಮೆಜೆಸ್ಟಿಕ್ ಟಾಕೀಸಿನಲ್ಲಿ ಭಾರತದ ಮೊದಲ ಟಾಕಿ, ಇದೇ ಇರಾನಿಯವರ ‘ಆಲಂ ಆರಾ’ ಬಿಡುಗಡೆಯಾಯಿತು. ಜನ ಬೆಳಗ್ಗೆಯಿಂದಲೇ ಮುತ್ತಿಕೊಂಡರು, ಪೊಲೀಸರನ್ನು ಕರೆಸಬೇಕಾಯಿತು. ನಾಲ್ಕಾಣೆಯ ಟಿಕೆಟ್ಟು ಬ್ಲ್ಯಾಕಿನಲ್ಲಿ ನಾಲ್ಕೈದು ರೂಪಾಯಿಗೆ ಹೋಯಿತು. ಇದು ಎಲ್ಲರಿಗೂ ಗೊತ್ತಿರುವ ಕಥೆ. ನನಗೆ ಅದಕ್ಕಿಂತ ಇಷ್ಟವಾದದ್ದು ಆ ಚಿತ್ರ ತಯಾರಾದ ರೀತಿ. ಸ್ಟುಡಿಯೋ ಪಕ್ಕದಲ್ಲೇ ರೈಲು ಹಳಿ. ಹಗಲೆಲ್ಲ ರೈಲಿನ ಸದ್ದು. ಹಾಗಾಗಿ ರಾತ್ರಿ ಒಂದರಿಂದ ನಾಲ್ಕು ಗಂಟೆಯವರೆಗೆ, ರೈಲು ಓಡಾಡದ ಹೊತ್ತಿನಲ್ಲಿ ಶೂಟಿಂಗ್. ಮೈಕುಗಳನ್ನು ಕ್ಯಾಮೆರಾಕ್ಕೆ ಕಾಣದ ಹಾಗೆ ಅಲ್ಲಲ್ಲಿ ಬಚ್ಚಿಡುತ್ತಿದ್ದರು. ಇರಾನಿ ತರಿಸಿದ್ದ ಯಂತ್ರದಲ್ಲಿ ಚಿತ್ರವೂ ಶಬ್ದವೂ ಒಂದೇ ಫಿಲ್ಮಿನ ಮೇಲೆ ಒಟ್ಟಿಗೇ ದಾಖಲಾಗುತ್ತಿತ್ತು. ಆಮೇಲೆ ಮಾತು ತಿದ್ದಲು, ಡಬ್ ಮಾಡಲು ದಾರಿಯೇ ಇಲ್ಲ. ಹಾಡಿದ್ದನ್ನೂ ಅಲ್ಲೇ ಹಾಡಬೇಕು, ವಾದ್ಯದವರು ಕ್ಯಾಮೆರಾಕ್ಕೆ ಕಾಣದಂತೆ ಅಡಗಿ ಕೂತು ನುಡಿಸಬೇಕು.

ಒಂದು ಸಲ ಕಣ್ಣಮುಂದೆ ತಂದುಕೊಳ್ಳಿ. ನಿನ್ನೆಯವರೆಗೆ ಶಾಟ್ ನಡುವೆ ನಿರ್ದೇಶಕರು ಕೂಗಿ ಕೂಗಿ ಹೇಳಿಕೊಡುತ್ತಿದ್ದರು. ಇವತ್ತು ಸೆಟ್ಟಿನಲ್ಲಿ ಯಾರೂ ಕೆಮ್ಮುವ ಹಾಗಿಲ್ಲ. ನಟ ಒಬ್ಬನೇ. ಮಾತನ್ನು ಬಾಯಿಪಾಠ ಮಾಡಿರಬೇಕು, ಮೈಕು ಎಲ್ಲಿದೆಯೋ ಅಲ್ಲೇ ನಿಂತು ಹೇಳಬೇಕು, ಹಾಗಿದ್ದೂ ಕಟ್ಟಿ ಹಾಕಿದವನಂತೆ ಕಾಣಬಾರದು. ನಡುರಾತ್ರಿ ಕಳೆದ ಮೇಲೆ!

ನಾಯಕ ಮಾಸ್ಟರ್ ವಿಠಲ್. ಮೂಕಿ ಕಾಲದ ದೊಡ್ಡ ಹೆಸರು. ಈ ಚಿತ್ರಕ್ಕಾಗಿ ಹಳೇ ಕಂಪನಿ ಬಿಟ್ಟು ಬಂದರು ಅಂತ ಕೇಸು ಬಿತ್ತು, ಅವರ ಪರ ವಾದ ಮಾಡಿ ಗೆದ್ದ ವಕೀಲರು ಮಹಮ್ಮದ್ ಅಲಿ ಜಿನ್ನಾ. ಅಷ್ಟೆಲ್ಲ ಕಷ್ಟಪಟ್ಟು ಕರೆತಂದ ನಾಯಕನಿಗೆ ಹಿಂದೂಸ್ತಾನಿ ಸರಿಯಾಗಿ ನಾಲಿಗೆಗೆ ಹತ್ತಲಿಲ್ಲ. ಕೊನೆಗೆ ಅವರ ಪಾತ್ರ ಚಿತ್ರದ ಬಹುಭಾಗ ಮಂಪರಿನಲ್ಲಿ ಇರುವ ಹಾಗೆ ಮಾಡಿಕೊಂಡರು. ದೇಶದ ಮೊದಲ ಟಾಕಿಯ ನಾಯಕ ಹೆಚ್ಚು ಮಾತಾಡುವುದೇ ಇಲ್ಲ. ವಿಠಲ್ ಮುಂದೆ ಹಿಂದಿಯಲ್ಲಿ ಮೇಲೇಳಲಿಲ್ಲ. ಮರಾಠಿ ಚಿತ್ರಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡಿಕೊಂಡು ಉಳಿದರು. ನೆನೆದರೆ ಸಂಕಟ ಆಗುತ್ತದೆ. ಅವರ ತಪ್ಪು ಏನೂ ಇರಲಿಲ್ಲ, ಅಲ್ವಾ? ಕಲೆಯ ನಿಯಮವೇ ರಾತ್ರೋರಾತ್ರಿ ಬದಲಾಗಿತ್ತು.

ಸುಲೋಚನಾ ಬೇರೆ ದಾರಿ ಹಿಡಿದರು. ಸಿನಿಮಾದಿಂದ ಸ್ವಲ್ಪ ಕಾಲ ದೂರ ನಿಂತು ಹಿಂದೂಸ್ತಾನಿ ಕಲಿತು ವಾಪಸು ಬಂದರು. 1928ರಲ್ಲಿ ಮೂಕಿಯಾಗಿ ಮಾಡಿದ್ದ ‘ಅನಾರ್ಕಲಿ’ಯನ್ನು 1935ರಲ್ಲಿ ಟಾಕಿಯಾಗಿ ಮತ್ತೆ ಮಾಡಿದರು. 1953ರಲ್ಲಿ ಇನ್ನೊಂದು ‘ಅನಾರ್ಕಲಿ’ ಬಂದಾಗ ಅದರಲ್ಲಿ ಸಲೀಮನ ತಾಯಿ ಜೋಧಾಬಾಯಿಯಾದರು. ಒಂದೇ ಕಥೆ ಅವರ ಜೊತೆಗೇ ವಯಸ್ಸಾಗುತ್ತಾ ಬಂತು. ಚಿತ್ರರಂಗದ ದೊಡ್ಡ ರಾಷ್ಟ್ರೀಯ ಗೌರವವಾದ ಫಾಲ್ಕೆ ಪ್ರಶಸ್ತಿ 1973ರಲ್ಲಿ ಅವರಿಗೇ ಸಂದಿತು. ಅವರ ಬಗ್ಗೆ ಬೇರೆಯೇ ಉಪನ್ಯಾಸ ಆಗಬೇಕು. ನಾನು ಪೃಥ್ವಿರಾಜ್ ಕಡೆಗೆ ಬರುತ್ತೇನೆ.

‘ಆಲಂ ಆರಾ’ದಲ್ಲಿ ಪೃಥ್ವಿರಾಜ್ ಸೇನಾಪತಿ ಆದಿಲ್. ರಾಣಿ ದಿಲ್‌ಬಹಾರ್ ಅವನನ್ನು ಬಯಸುತ್ತಾಳೆ, ಅವನು ಒಪ್ಪುವುದಿಲ್ಲ, ಅವಳು ಜೈಲಿಗೆ ತಳ್ಳುತ್ತಾಳೆ. ಅವನ ಮಗಳೇ ಆಲಂ ಆರಾ. ಮಗಳ ಪಾತ್ರದಲ್ಲಿ ಜುಬೇದಾ. ಈ ಚಿತ್ರ ಬಿಡುಗಡೆಯಾದಾಗ ಪೃಥ್ವಿರಾಜ್‌ಗೆ 24 ವರ್ಷ. ಅಂದರೆ 24ನೇ ವಯಸ್ಸಿನಲ್ಲಿ, ತಮಗಿಂತ ನಾಲ್ಕೈದು ವರ್ಷವಷ್ಟೇ ಚಿಕ್ಕವರಾದ ನಟಿಗೆ ತಂದೆ! ಮೂಕಿಯಲ್ಲಿ ನಾಯಕ, ಟಾಕಿಯಲ್ಲಿ ಅಪ್ಪ. ಮೇಲ್ನೋಟಕ್ಕೆ ಇದು ಹಿಂಬಡ್ತಿ ಅನ್ನಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಅವರ ದನಿಯಲ್ಲಿ ವಯಸ್ಸಿಗೆ ಮೀರಿದ ಅಧಿಕಾರ ಇತ್ತು. ಮೈಕು ಮೊದಲ ದಿನವೇ ಅದನ್ನು ಗುರುತು ಹಿಡಿಯಿತು ಅಂತ ನನ್ನ ಲೆಕ್ಕ. ಮುಂದೆ ಅವರನ್ನು ಜನ ನೆನಪಿಟ್ಟುಕೊಂಡ ಪಾತ್ರಗಳನ್ನು ನೋಡಿ. ‘ಆವಾರಾ’, ‘ಮೊಘಲ್-ಎ-ಆಝಂ’, ನಮ್ಮ ‘ಸಾಕ್ಷಾತ್ಕಾರ’. ಎಲ್ಲದರಲ್ಲೂ ತಂದೆ. ಆ ಸರಣಿ ಶುರುವಾದದ್ದು ‘ಆಲಂ ಆರಾ’ದಲ್ಲೇ.

ಒಂದು ದೊಡ್ಡ ನಷ್ಟವನ್ನೂ ಹೇಳಬೇಕು. ‘ಆಲಂ ಆರಾ’ದ ಪ್ರತಿ ಇವತ್ತು ಎಲ್ಲೂ ಸಿಕ್ಕಿಲ್ಲ. ಕೆಲವು ಫೋಟೋ, ಪೋಸ್ಟರ್, ಹಾಡಿನ ಪುಸ್ತಕ ಉಳಿದಿವೆ. ಆಗಿನ ಫಿಲ್ಮಿನಲ್ಲಿ ಬೆಳ್ಳಿಯ ಅಂಶ ಇರುತ್ತಿತ್ತು, ಹಳೇ ರೀಲುಗಳನ್ನು ಅದಕ್ಕಾಗಿಯೇ ಕರಗಿಸಿಬಿಡುತ್ತಿದ್ದರು. ಬೇಗ ಬೆಂಕಿ ಹತ್ತುವ ಗುಣ ಬೇರೆ. ನಮ್ಮ ದೇಶದ ಮೂಕಿ ಚಿತ್ರಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಹೀಗೇ ಹೋದವು. ಒಬ್ಬ ನಟನ ಯೌವನದ ದುಡಿಮೆ ಹೀಗೆ ಬೂದಿಯಾಯಿತು ಅಂದರೆ ನನಗಂತೂ ಸಹಿಸಲು ಆಗುವುದಿಲ್ಲ.

ಟಾಕಿ ಗೆದ್ದ ಮೇಲೆ ಬೇರೆಯವರಾಗಿದ್ದರೆ ಅಲ್ಲೇ ಬೇರು ಬಿಡುತ್ತಿದ್ದರು. ಪೃಥ್ವಿರಾಜ್ ಸಿನಿಮಾ ಬಿಟ್ಟು ಗ್ರಾಂಟ್ ಆಂಡರ್ಸನ್ ಎಂಬುವರ ಇಂಗ್ಲಿಷ್ ನಾಟಕ ಕಂಪನಿ ಸೇರಿ ಊರೂರು ಸುತ್ತಿದರು. ಶೇಕ್ಸ್‌ಪಿಯರ್ ಆಡಿದರು. ‘ಹ್ಯಾಮ್ಲೆಟ್’ನಲ್ಲಿ ಲಾಯರ್ಟಿಸ್ ಪಾತ್ರ ಮಾಡಿದರು. ಸಿನಿಮಾಕ್ಕೆ ಮಾತು ಬಂದ ಹೊತ್ತಿನಲ್ಲೇ ಮಾತಿನ ಕಸುಬು ಕಲಿಯಲು ರಂಗಕ್ಕೆ ಹೋದರು. ಅವರ ವೃತ್ತಿ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ನಿರ್ಧಾರ ಇದೇ.

ಆಮೇಲೆ ಕಲ್ಕತ್ತಾ. ದೇವಕಿ ಬೋಸ್ ನಿರ್ದೇಶನದಲ್ಲಿ 1933ರ ‘ರಾಜರಾಣಿ ಮೀರಾ’, 1934ರ ‘ಸೀತಾ’. ‘ಸೀತಾ’ದಲ್ಲಿ ಇವರು ರಾಮ, ದುರ್ಗಾ ಖೋಟೆ ಸೀತೆ. ಆ ಚಿತ್ರ ವೆನಿಸ್ ಚಿತ್ರೋತ್ಸವಕ್ಕೂ ಹೋಯಿತು. ದುರ್ಗಾ ಖೋಟೆ ಕೂಡ ಮೂಕಿ ಕಾಲದ ಕೊನೆಯಲ್ಲಿ ಬಂದವರು, 1931ರಲ್ಲಿ ಒಂದು ಮೂಕಿ ಚಿತ್ರದಲ್ಲಿ ಸಣ್ಣ ಪಾತ್ರ ಮಾಡಿ ಟಾಕಿಗೆ ದಾಟಿದವರು. ಇಬ್ಬರೂ 1960ರಲ್ಲಿ ಅಕ್ಬರ್ ಮತ್ತು ಜೋಧಾ ಆಗಿ ಮತ್ತೆ ಎದುರುಬದುರಾದರು. ‘ಮೊಘಲ್-ಎ-ಆಝಂ’ನಲ್ಲಿ ಆ ದಂಪತಿಯ ಜಗಳ ಅಷ್ಟು ನಿಜ ಅನ್ನಿಸುವುದಕ್ಕೆ ಈ ಹಳೇ ಒಡನಾಟವೂ ಕಾರಣ ಇರಬೇಕು.

1941ರಲ್ಲಿ ಸೊಹ್ರಾಬ್ ಮೋದಿಯವರ ‘ಸಿಕಂದರ್’. ಪೃಥ್ವಿರಾಜ್ ಅಲೆಕ್ಸಾಂಡರ್, ಮೋದಿ ಪುರು, ಅಂದರೆ ನಾವು ಪೋರಸ್ ಅನ್ನುವ ರಾಜ. ಎದುರುಬದುರು ನಿಂತವರಿಬ್ಬರೂ ನಾಟಕದಿಂದ ಬಂದವರು. ಮಾತಿಗೆ ಮಾತು, ಕತ್ತಿಗೆ ಕತ್ತಿ. ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ಹೊರಗಿನಿಂದ ದಂಡೆತ್ತಿ ಬಂದವನಿಗೆ ಎದುರು ನಿಲ್ಲುವ ರಾಜನ ಕಥೆ ನೋಡಿ ಸೈನಿಕರ ಮನಸ್ಸು ಕೆಡಬಹುದು ಅಂತ ಬ್ರಿಟಿಷ್ ಸರ್ಕಾರ ಕೆಲವು ದಂಡು ಪ್ರದೇಶಗಳ ಥಿಯೇಟರಿನಲ್ಲಿ ಅದನ್ನು ನಿಲ್ಲಿಸಿತು.

ಈ ಚಿತ್ರ ಇವತ್ತೂ ನೋಡಲು ಸಿಗುತ್ತದೆ. ಅದರಲ್ಲಿ ಪೃಥ್ವಿರಾಜ್ ನಿಲ್ಲುವ ರೀತಿ ಗಮನಿಸಿ. ತಲೆ ಸ್ವಲ್ಪ ಮೇಲೆ, ಎದೆ ಮುಂದೆ, ಭುಜ ಅಲುಗುವುದಿಲ್ಲ. ತಿರುಗಬೇಕಾದರೆ ಇಡೀ ಮೈ ತಿರುಗುತ್ತದೆ, ಆಮೇಲೆ ಮಾತು. ಮೊದಲು ಮೈ, ಆಮೇಲೆ ದನಿ. ಮಾತಿಲ್ಲದ ಚಿತ್ರದಲ್ಲಿ ಮೈಯಿಂದಲೇ ಅರ್ಥ ಹೇಳಿ ರೂಢಿಯಾದವರು ಮಾತು ಸಿಕ್ಕಾಗ ಅದನ್ನು ಎರಡನೇ ಹೆಜ್ಜೆಯಾಗಿ ಇಟ್ಟುಕೊಂಡರು. ಬರೀ ನಾಟಕದಿಂದ ಬಂದವರಲ್ಲಿ ಇದು ಇಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಅವರಿಗೆ ಮಾತೇ ಮೊದಲು.

1944ರಲ್ಲಿ ಪೃಥ್ವಿ ಥಿಯೇಟರ್ಸ್ ಕಟ್ಟಿದರು. ಸಿನಿಮಾದಲ್ಲಿ ದುಡಿದದ್ದನ್ನು ನಾಟಕಕ್ಕೆ ಸುರಿದರು. ದೊಡ್ಡ ತಂಡ, ರೈಲಿನಲ್ಲಿ ಊರೂರು ಪ್ರವಾಸ. ‘ಶಕುಂತಲಾ’ದಿಂದ ಶುರು. ಆಮೇಲೆ ‘ದೀವಾರ್’, ‘ಪಠಾಣ್’, ‘ಗದ್ದಾರ್’, ‘ಆಹುತಿ’, ‘ಪೈಸಾ’. ‘ದೀವಾರ್’ ನಾಟಕದಲ್ಲಿ ಹೊರಗಿನವರ ಮಾತು ಕೇಳಿ ಅಣ್ಣ ತಮ್ಮ ಮನೆಯ ನಡುವೆ ಗೋಡೆ ಕಟ್ಟುತ್ತಾರೆ. ಇದು ರಂಗಕ್ಕೆ ಬಂದದ್ದು 1945ರಲ್ಲಿ, ದೇಶ ಒಡೆಯುವುದಕ್ಕೆ ಎರಡು ವರ್ಷ ಮೊದಲು. ಬರಲಿರುವುದನ್ನು ಅಷ್ಟು ಮುಂಚೆ ಕಂಡು, ಬೇಡ ಅಂತ ಊರೂರು ತಿರುಗಿ ಹೇಳಿದ ನಟ ಅವರು.

ಹದಿನಾರು ವರ್ಷಗಳಲ್ಲಿ 2,662 ಪ್ರದರ್ಶನಗಳಾದವು, ಎಲ್ಲದರಲ್ಲೂ ಪೃಥ್ವಿರಾಜ್ ಪಾತ್ರ ಮಾಡಿದರು ಅಂತ ದಾಖಲೆ ಹೇಳುತ್ತದೆ. ನಾಟಕ ಮುಗಿದ ಮೇಲೆ ಅವರು ಬಾಗಿಲ ಹತ್ತಿರ ಜೋಳಿಗೆ ಹಿಡಿದು, ತಲೆ ತಗ್ಗಿಸಿ ನಿಲ್ಲುತ್ತಿದ್ದರು. ಹೊರಗೆ ಹೋಗುವ ಜನ ಕೈಲಾದಷ್ಟು ಹಾಕುತ್ತಿದ್ದರು. ಆ ಹಣ ಕಲಾವಿದರ ನೆರವಿಗೆ, ಸಂಕಷ್ಟದಲ್ಲಿದ್ದವರ ನೆರವಿಗೆ. ಅಲೆಕ್ಸಾಂಡರ್ ಆಗಿ ದೇಶಕ್ಕೆಲ್ಲ ಗೊತ್ತಿದ್ದ ಮನುಷ್ಯ ಜೋಳಿಗೆ ಹಿಡಿದು ನಿಲ್ಲುತ್ತಿದ್ದರು. ನಟಿ ಜೊಹ್ರಾ ಸೆಹಗಲ್ ಇದೇ ತಂಡದಲ್ಲಿ ವರ್ಷಗಟ್ಟಲೆ ಇದ್ದರು. ಮುಂದೆ ಸಂಗೀತ ನಿರ್ದೇಶಕರಾದ ಶಂಕರ್, ಜೈಕಿಶನ್ ಇಲ್ಲೇ ವಾದ್ಯ ನುಡಿಸುತ್ತಿದ್ದವರು. 1952ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನ ಆದ ಮೇಲೂ ನಾಟಕ ಬಿಡಲಿಲ್ಲ. 1960ರಲ್ಲಿ ಆರೋಗ್ಯ ಕೈಕೊಟ್ಟು ತಂಡ ನಿಂತಿತು.

ಈಗ ‘ಆವಾರಾ’ಗೆ ಬರೋಣ. 1951, ನಿರ್ದೇಶನ ಮಗ ರಾಜ್ ಕಪೂರ್ ಅವರದು. ಪೃಥ್ವಿರಾಜ್ ಜಡ್ಜ್ ರಘುನಾಥ್. ಚಿತ್ರ ಶುರುವಾಗುವುದೇ ಕೋರ್ಟಿನಲ್ಲಿ. ತನ್ನನ್ನು ಕೊಲ್ಲಲು ಬಂದ ಆರೋಪಿಯ ವಿರುದ್ಧ ಅವರು ಸಾಕ್ಷಿ ಕಟಕಟೆಯಲ್ಲಿದ್ದಾರೆ. ಆರೋಪಿ ತನ್ನದೇ ಮಗ ಅನ್ನುವುದು ಅವರಿಗೆ ಗೊತ್ತಿಲ್ಲ. ನರ್ಗಿಸ್ ವಕೀಲೆಯಾಗಿ ಪ್ರಶ್ನೆ ಕೇಳುತ್ತಾರೆ. ಹೆಂಡತಿಯ ವಿಷಯ, ಮನೆಯಿಂದ ಹೊರಗೆ ಹಾಕಿದ ವಿಷಯ. ಪೃಥ್ವಿರಾಜ್ ಮುಖ ನೋಡಿ. ಅಲ್ಲಿ ಗುಡುಗು ಇಲ್ಲ. ದವಡೆ ಬಿಗಿದಿದೆ, ಕಣ್ಣು ಕದಲುವುದಿಲ್ಲ. ಕಟ್ಟಿಕೊಂಡಿದ್ದ ಗೌರವ ಒಳಗೊಳಗೇ ಬಿರುಕು ಬಿಡುತ್ತಿರುವುದು ಮುಖದಲ್ಲೇ ತಿಳಿಯುತ್ತದೆ. ‘ಪೃಥ್ವಿರಾಜ್ ಅಂದರೆ ಬರೀ ಕೂಗಾಟ’ ಅನ್ನುವವರಿಗೆ ನಾನು ತೋರಿಸುವುದು ಈ ದೃಶ್ಯವನ್ನೇ. ಇದೇ ಚಿತ್ರದಲ್ಲಿ ಇನ್ನೊಬ್ಬ ನ್ಯಾಯಾಧೀಶರಾಗಿ ಕಾಣಿಸಿಕೊಂಡವರು ಅವರ ತಂದೆ ಬಶೇಶ್ವರನಾಥ್. ಬಾಲಕನ ಪಾತ್ರದಲ್ಲಿ ಕಿರಿ ಮಗ ಶಶಿ.

ಕೂಗಾಟದ ಆಪಾದನೆ ‘ಮೊಘಲ್-ಎ-ಆಝಂ’ ಬಗ್ಗೆಯೂ ಇದೆ. ಇವತ್ತಿನ ಹುಡುಗರು ನೋಡಿ ಓವರ್ ಆಕ್ಟಿಂಗ್ ಅನ್ನುತ್ತಾರೆ. ಅವರ ಮಾತು ನನಗೆ ಅರ್ಥವಾಗುತ್ತದೆ, ಆದರೆ ಒಪ್ಪಲಾರೆ. ಆ ದನಿ ಮೈಕು ಇಲ್ಲದ ಸಭಾಂಗಣದಲ್ಲಿ ಕೊನೇ ಸಾಲಿನವನಿಗೂ ಮುಟ್ಟಬೇಕು ಅಂತ ಬೆಳೆಸಿದ್ದು. ಅಕ್ಬರನ ಪಾತ್ರವೂ ಅದನ್ನೇ ಕೇಳುತ್ತದೆ. ಅವನು ಮನೆಯಲ್ಲಿದ್ದಾಗಲೂ ದರ್ಬಾರಿನಲ್ಲಿ ಇದ್ದಂತೆ ಮಾತಾಡುವ ಅಪ್ಪ. ಹೆಂಡತಿಯ ಎದುರೂ ಚಕ್ರವರ್ತಿ, ಮಗನ ಎದುರೂ ಚಕ್ರವರ್ತಿ. ಅವನ ದುರಂತವೇ ಅದು. ಎದುರಿಗೆ ದಿಲೀಪ್ ಕುಮಾರ್ ತಗ್ಗಿದ ದನಿಯಲ್ಲಿ ಮಾತಾಡುತ್ತಾರೆ. ಎರಡು ಕಾಲದ ಎರಡು ನಟನಾ ಶೈಲಿ ತಂದೆ ಮಗನಾಗಿ ಮುಖಾಮುಖಿ ಆಗಿವೆ. ಒಬ್ಬರು ಇನ್ನೊಬ್ಬರಂತೆ ಆಡಿದ್ದರೆ ಆ ಚಿತ್ರ ನಿಲ್ಲುತ್ತಲೇ ಇರಲಿಲ್ಲ. ಇನ್ನು ಶುರುವಿನಲ್ಲಿ ಮಗುವಿಗಾಗಿ ಹರಕೆ ಹೊತ್ತು ಅಕ್ಬರ್ ಸುಡುವ ಮರಳಿನಲ್ಲಿ ಬರಿಗಾಲಲ್ಲಿ ನಡೆದು ಹೋಗುತ್ತಾನೆ. ಮಾತೇ ಇಲ್ಲದ ನಡಿಗೆ. ಅಲ್ಲಿ ಕಾಣುವವರು 1929ರ ಮೂಕಿ ನಟ.

ಈಗ ನಮ್ಮ ಮನೆಯ ವಿಷಯ. 1971ರಲ್ಲಿ ಪುಟ್ಟಣ್ಣ ಕಣಗಾಲ್ ‘ಸಾಕ್ಷಾತ್ಕಾರ’ ಮಾಡಿದರು. ‘ಒಲವೇ ಜೀವನ ಸಾಕ್ಷಾತ್ಕಾರ’ ಹಾಡು ಬಾರದ ಕನ್ನಡಿಗರು ಕಡಿಮೆ. ಡಾ. ರಾಜ್‌ಕುಮಾರ್ ನಾಯಕ, ಜಮುನಾ ನಾಯಕಿ. ರಾಜ್ ಅವರ ತಂದೆಯಾಗಿ ಪೃಥ್ವಿರಾಜ್ ಕಪೂರ್. ಅದೇ ಚಿತ್ರದಲ್ಲಿ ಆರ್. ನಾಗೇಂದ್ರರಾಯರೂ ಇದ್ದಾರೆ. ನಾಗೇಂದ್ರರಾಯರು 1934ರ ‘ಸತಿ ಸುಲೋಚನಾ’ದ ರಾವಣ. ಅದು ಕನ್ನಡದ ಮೊದಲ ಟಾಕಿ. ಅಂದರೆ ಹಿಂದಿಯ ಮೊದಲ ಟಾಕಿಯಲ್ಲಿ ಮಾತಾಡಿದವರು ಮತ್ತು ಕನ್ನಡದ ಮೊದಲ ಟಾಕಿಯಲ್ಲಿ ಮಾತಾಡಿದವರು ಒಂದೇ ಚಿತ್ರದಲ್ಲಿ ಸಿಗುತ್ತಾರೆ! ಈ ಸಂಗತಿಯನ್ನು ನಾವು ಯಾಕೆ ಜಾಸ್ತಿ ಹೇಳಿಕೊಳ್ಳುವುದಿಲ್ಲವೋ ನನಗೆ ಆಶ್ಚರ್ಯ.

ಇನ್ನೊಂದು ವಿಷಯವೂ ಇದರಲ್ಲಿದೆ. ಕನ್ನಡಕ್ಕೆ ಟಾಕಿ ಬಂದಾಗ ತೆರೆ ತುಂಬಿದವರು ಯಾರು? ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು, ಗುಬ್ಬಿ ವೀರಣ್ಣನವರು. ಎಲ್ಲರೂ ಕಂಪನಿ ನಾಟಕದವರು. ಗುಬ್ಬಿ ವೀರಣ್ಣನವರು ಮೂಕಿ ಚಿತ್ರಗಳಿಗೂ ಕೈ ಹಾಕಿದ್ದವರು. ಡಾ. ರಾಜ್ ಕೂಡ ಗುಬ್ಬಿ ಕಂಪನಿಯಲ್ಲಿ ಬೆಳೆದವರೇ. ಪೇಶಾವರದ ಕಾಲೇಜು ನಾಟಕದಿಂದ ಬಂದವರೂ ಗಾಜನೂರಿನಿಂದ ಬಂದವರೂ ‘ಸಾಕ್ಷಾತ್ಕಾರ’ದಲ್ಲಿ ತಂದೆ ಮಗ ಅಂತ ಒಪ್ಪಿಗೆಯಾಗುವುದು ಯಾಕೆ ಅಂದರೆ, ಇಬ್ಬರಿಗೂ ತಾಲೀಮು ಕೊಟ್ಟದ್ದು ರಂಗ.

ಅದೇ 1971ರಲ್ಲಿ ಮೊಮ್ಮಗ ರಣಧೀರ್ ನಿರ್ದೇಶಿಸಿದ ‘ಕಲ್ ಆಜ್ ಔರ್ ಕಲ್’ನಲ್ಲಿ ಮಗ, ಮೊಮ್ಮಗನ ಜೊತೆ ನಟಿಸಿದರು. ಕ್ಯಾನ್ಸರ್ ಬಂದಿತ್ತು. 1972ರ ಮೇ 29ರಂದು ತೀರಿಕೊಂಡರು. ಎರಡೇ ವಾರದ ಆಚೆ ಪತ್ನಿ ರಾಮ್‌ಸರನಿಯೂ ಹೋದರು. 1971ರ ಸಾಲಿನ ಫಾಲ್ಕೆ ಪ್ರಶಸ್ತಿ ಅವರು ಹೋದ ಮೇಲೆ ಬಂತು. ಜುಹೂನಲ್ಲಿ ಅವರು ಗುತ್ತಿಗೆಗೆ ಹಿಡಿದಿದ್ದ ಜಾಗದಲ್ಲಿ ಶಶಿ ಕಪೂರ್ ಮತ್ತು ಅವರ ಪತ್ನಿ ಜೆನಿಫರ್ 1978ರಲ್ಲಿ ಪೃಥ್ವಿ ಥಿಯೇಟರ್ ಕಟ್ಟಿಸಿದರು. ಅಲ್ಲಿ ಈಗಲೂ ನಾಟಕ ನಡೆಯುತ್ತಿದೆ.

ಮನೆಗೆ ಹೋಗಿ ನೋಡುವವರಿಗೆ ಒಂದು ಮಾತು. ಮೊದಲು ‘ಸಿಕಂದರ್’ ನೋಡಿ, ಆಮೇಲೆ ‘ಆವಾರಾ’. ‘ಸಾಕ್ಷಾತ್ಕಾರ’ವನ್ನು ಕೊನೆಗೆ ಇಟ್ಟುಕೊಳ್ಳಿ. ಪ್ರತಿಯೊಂದರಲ್ಲೂ ಒಂದು ಹತ್ತು ನಿಮಿಷ ಶಬ್ದ ಪೂರ್ತಿ ಬಂದ್ ಮಾಡಿ, ಪೃಥ್ವಿರಾಜ್ ಒಬ್ಬರನ್ನೇ ಗಮನಿಸಿ. ಅವರು ಯಾವಾಗ ನಿಲ್ಲುತ್ತಾರೆ, ಯಾವಾಗ ತಿರುಗುತ್ತಾರೆ, ಬೇರೆಯವರು ಮಾತಾಡುವಾಗ ಏನು ಮಾಡುತ್ತಾರೆ ಅಂತ. ಆಮೇಲೆ ಅದೇ ದೃಶ್ಯವನ್ನು ಶಬ್ದ ಹಾಕಿಕೊಂಡು ಇನ್ನೊಮ್ಮೆ ನೋಡಿ.